ಎರಡನೇ ಸಹಿ: ಯುದ್ಧ ಮುಗಿದ ಲೈಬೀರಿಯಾ ನಮಗೆ ಹೇಳುವ ಪಾಠ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಬಿ.ಎ. ಎರಡನೇ ವರ್ಷದಾಗ ಓದಾಕತ್ತೀನಿ. ಮನ್ಯಾಗ ಕನ್ನಡ, ಕಾಲೇಜಿನ್ಯಾಗ ಮರಾಠಿ, ಪರೀಕ್ಷೆಯ ಪುಸ್ತಕದಾಗ ಇಂಗ್ಲಿಷ್. ನಮ್ಮ ಅಕ್ಕಲಕೋಟ ಕಡೆಯ ಹುಡುಗರಿಗೆ ಇದೇನು ಹೊಸದಲ್ಲ. ರಾಜ್ಯಶಾಸ್ತ್ರದ ಸರ್ ಈ ಸಲ ಒಂದು ಪ್ರಬಂಧ ಬರೆಯಲು ಹೇಳಿದರು: 'ಯುದ್ಧ ಮುಗಿದ ದೇಶದಲ್ಲಿ ಭ್ರಷ್ಟಾಚಾರ ತಡೆದು ಸ್ಥಿರ ಸರ್ಕಾರ ಕಟ್ಟುವುದು ಹೇಗೆ?' ನಾನು ಆರಿಸಿಕೊಂಡದ್ದು ಆಫ್ರಿಕಾದ ಲೈಬೀರಿಯಾ. ರಾತ್ರಿ ಕೂತು ಓದುವಾಗ ಬೀಡಿ ಕಟ್ಟುತ್ತಿದ್ದ ನಮ್ಮವ್ವ ಕೇಳಿದಳು, 'ಅದ್ಯಾವ ದೇಶನೋ, ಅದರ ಲೆಕ್ಕ ನಿನಗ್ಯಾಕವ್ವಾ? ನಮ್ಮ ಓಣಿ ಲೆಕ್ಕನ ಯಾರೂ ಕೇಳೂದಿಲ್ಲ.'

ಆ ಮಾತಿಗೆ ಆಗ ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತು ಇಲ್ಲಿ ಆ ಉತ್ತರ ಹೇಳಾಕ ನಿಂತೀನಿ. ನಡುವೆ ಸ್ವಲ್ಪ ಇತಿಹಾಸ ಬರುತ್ತೆ, ಬೇಸರ ಮಾಡ್ಕೋಬ್ಯಾಡ್ರಿ.

ಲೈಬೀರಿಯಾ ಆಫ್ರಿಕಾ ಖಂಡದ ಪಶ್ಚಿಮ ತುದಿಯಲ್ಲಿ, ಸಮುದ್ರದ ದಂಡೆಗೆ ಇರುವ ಸಣ್ಣ ದೇಶ. ರಬ್ಬರು, ಕಬ್ಬಿಣದ ಅದಿರು, ವಜ್ರ, ದೊಡ್ಡ ದೊಡ್ಡ ಕಾಡು, ಎಲ್ಲಾ ಐತಿ. ಆ ದೇಶ ಹುಟ್ಟಿದ ಕಥೆಯನ್ನು ನಾವು ವಿಶೇಷವಾಗಿ ಕೇಳಬೇಕು. ಅಮೆರಿಕದಲ್ಲಿ ಗುಲಾಮರಾಗಿದ್ದು ಬಿಡುಗಡೆಯಾದ ಕಪ್ಪು ಜನರನ್ನು 1820ರ ದಶಕದಿಂದ ಹಡಗಿನಲ್ಲಿ ಅಲ್ಲಿಗೆ ಕರೆತಂದು ಇಳಿಸಿದರು. 1847ರ ಜುಲೈ 26ರಂದು ಅವರು ಸ್ವತಂತ್ರ ಗಣರಾಜ್ಯ ಘೋಷಿಸಿದರು. ಬೆನ್ನ ಮೇಲೆ ಚಾಟಿಯ ಗಾಯ ಇದ್ದವರು ಕಟ್ಟಿದ ದೇಶ ಅದು. 'ಸ್ವಾತಂತ್ರ್ಯ' ಅನ್ನುವ ಪದವೇ ಅದರ ಹೆಸರಿನಲ್ಲಿದೆ.

ಆದ್ರ ಮುಂದ ಏನಾತು ಗೊತ್ತೇನ್ರಿ? ಆ ನೆಲದಲ್ಲಿ ಮೊದಲಿನಿಂದ ಇದ್ದ ಮೂಲ ಜನರನ್ನು ಹೊಸಬರು ತಮ್ಮ ಸಮಕ್ಕೆ ಕೂರಿಸಲಿಲ್ಲ. ಹಡಗಿನಿಂದ ಬಂದವರ ವಂಶ ಜನಸಂಖ್ಯೆಯಲ್ಲಿ ನೂರಕ್ಕೆ ಐದರಷ್ಟೂ ಇರಲಿಲ್ಲ. ಅಧ್ಯಕ್ಷರು ಅವರೇ, ನ್ಯಾಯಾಧೀಶರು ಅವರೇ, ಖಜಾನೆಯ ಕೀಲಿ ಅವರದೇ. 'ಟ್ರೂ ವಿಗ್' ಎಂಬ ಒಂದೇ ಪಕ್ಷ ನೂರು ವರ್ಷ ಆಳಿತು. ಮೂಲ ಜನರು ಗುಡಿಸಲಿಗೆ ಇಷ್ಟು ಅಂತ ತೆರಿಗೆ ಕೊಡಬೇಕು, ಆದರೆ ಮತ ಹಾಕುವಂತಿಲ್ಲ. ಮತದ ಹಕ್ಕು ಅವರಿಗೆ ಸಿಗಲು ಶುರುವಾದದ್ದು 1940ರ ದಶಕದಲ್ಲಿ, ಅದೂ ಷರತ್ತಿನ ಮೇಲೆ. ಇದಕ್ಕಿಂತ ಕೆಟ್ಟದ್ದೂ ಆಗಿದೆ. ಮೂಲ ಜನರನ್ನು ಹಿಡಿದು ಫರ್ನಾಂಡೊ ಪೋ ದ್ವೀಪದ ತೋಟಗಳಿಗೆ ಜೀತಕ್ಕೆ ಸಾಗಿಸುತ್ತಿದ್ದರು. ಅದರಲ್ಲಿ ಸರ್ಕಾರದ ದೊಡ್ಡ ಅಧಿಕಾರಿಗಳೇ ಇದ್ದರು. ರಾಷ್ಟ್ರಸಂಘದ ತನಿಖೆಯಲ್ಲಿ ಅದು ಬಯಲಾಗಿ 1930ರಲ್ಲಿ ಅಧ್ಯಕ್ಷ ಚಾರ್ಲ್ಸ್ ಕಿಂಗ್ ರಾಜೀನಾಮೆ ಕೊಡಬೇಕಾಯಿತು.

ಗುಲಾಮಗಿರಿಯಿಂದ ಬಂದವರ ಮಕ್ಕಳೇ ಇನ್ನೊಬ್ಬರನ್ನು ಜೀತಕ್ಕೆ ಕಳಿಸಿದರು! ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ತುಳಿತ ಉಂಡವರೆಲ್ಲ ನ್ಯಾಯವಂತರೇ ಆಗುತ್ತಾರೆ ಅಂತ ನಾನು ನಂಬಿಕೊಂಡಿದ್ದೆ. ಹಾಗೇನೂ ಇಲ್ಲ. ನೋವು ಉಂಡರೆ ನೋವು ಗೊತ್ತಾಗುತ್ತೆ ಅಷ್ಟೇ. ಕೈಗೆ ಕೀಲಿ ಬಂದಾಗ ನಾವು ಹೇಗೆ ನಡಕೋತೀವಿ ಅನ್ನೋದು ಬೇರೆ ಪರೀಕ್ಷೆ.

ಈಗ ಭ್ರಷ್ಟಾಚಾರಕ್ಕೆ ಬರೋಣ. ಯುದ್ಧ ಆದದ್ದಕ್ಕೆ ಲೈಬೀರಿಯಾದಲ್ಲಿ ಭ್ರಷ್ಟಾಚಾರ ಬಂತು ಅಂತ ಕೆಲವರು ತಿಳಿದಿದ್ದಾರೆ. ಕ್ರಮ ನೋಡಿದರೆ ಅದು ಉಲ್ಟಾ. 1979ರಲ್ಲಿ ಸರ್ಕಾರ ಅಕ್ಕಿಯ ಬೆಲೆ ಏರಿಸಲು ಹೊರಟಿತು. ಲೈಬೀರಿಯಾದವರಿಗೆ ಅಕ್ಕಿ ಅಂದ್ರ ನಮಗೆ ಜೋಳ ಇದ್ದಂಗ, ಅದಿಲ್ಲದ ಊಟ ಊಟವೇ ಅಲ್ಲ. ಬೆಲೆ ಏರಿದರೆ ಅಧ್ಯಕ್ಷರ ಮನೆತನಕ್ಕೇ ಲಾಭ ಅಂತ ಜನ ಮಾತಾಡಿಕೊಂಡರು. ಏಪ್ರಿಲ್ 14ರಂದು ರಾಜಧಾನಿ ಮನ್ರೋವಿಯಾದಲ್ಲಿ ಬೀದಿಗಿಳಿದ ಜನರ ಮೇಲೆ ಗುಂಡು ಹಾರಿತು, ಹತ್ತಾರು ಜನ ಸತ್ತರು. ಮರುವರ್ಷ, 1980ರ ಏಪ್ರಿಲ್ 12ರಂದು, ಸ್ಯಾಮ್ಯುಯೆಲ್ ಡೋ ಎಂಬ ಸಾರ್ಜೆಂಟ್ ಅಧ್ಯಕ್ಷ ಟೋಲ್ಬರ್ಟರನ್ನು ಕೊಂದು ಅಧಿಕಾರ ಹಿಡಿದ. ಹಳೆ ಸರ್ಕಾರದ 13 ಜನರನ್ನು ಸಮುದ್ರದ ದಂಡೆಯಲ್ಲಿ ಕಂಬಕ್ಕೆ ಕಟ್ಟಿ ಗುಂಡಿಕ್ಕಿದರು. ಜನ ಬೀದಿಯಲ್ಲಿ ಕುಣಿದರು, ಯಾಕಂದ್ರ ಮೂಲ ಜನರಿಂದ ಬಂದ ಮೊದಲ ಆಳುವವನು ಈತ. 'ಇನ್ನ ನಮ್ಮ ರಾಜ್ಯ ಬಂತು' ಅಂದರು.

ನಮ್ಮ ರಾಜ್ಯ ಬರಲಿಲ್ಲ, ಡೋನ ಬಳಗದ ರಾಜ್ಯ ಬಂತು. ಆತ ತನ್ನ ಕ್ರಾನ್ ಬುಡಕಟ್ಟಿನವರನ್ನು ಸೈನ್ಯದಲ್ಲಿ ತುಂಬಿದ. 1985ರ ಚುನಾವಣೆಯನ್ನು ಕದ್ದ. ಅದೇ ಸರ್ಕಾರದಲ್ಲಿ ಖರೀದಿ ಇಲಾಖೆ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಟೇಲರ್ ಮೇಲೆ ಸುಮಾರು ಒಂಬತ್ತು ಲಕ್ಷ ಡಾಲರ್ ನುಂಗಿದ ಆರೋಪ ಬಂತು. ಅಮೆರಿಕಕ್ಕೆ ಓಡಿಹೋದ, ಅಲ್ಲಿ ಜೈಲು ಸೇರಿದ, 1985ರಲ್ಲಿ ಜೈಲಿನಿಂದಲೂ ತಪ್ಪಿಸಿಕೊಂಡ. 1989ರ ಡಿಸೆಂಬರ್ 24ರಂದು ಬಂದೂಕುಧಾರಿಗಳನ್ನು ಕಟ್ಟಿಕೊಂಡು ಗಡಿ ದಾಟಿ ದೇಶದೊಳಗೆ ನುಗ್ಗಿದ. ಲೆಕ್ಕ ಕೊಡಬೇಕಾಗಿದ್ದ ಮನುಷ್ಯ ಯುದ್ಧ ತಂದ ಅಂದ್ರ ತಪ್ಪಾಗಲಿಕ್ಕಿಲ್ಲ.

ಆ ಬೆಂಕಿ ನಡುವೆ ಸ್ವಲ್ಪ ಆರಿ, ಮತ್ತೆ ಹೊತ್ತಿ, 2003ರ ತನಕ ಉರಿಯಿತು. ಮೂವತ್ತು ಲಕ್ಷದ ಆಸುಪಾಸಿನ ಜನ ಇದ್ದ ದೇಶದಲ್ಲಿ ಒಂದೂವರೆ ಲಕ್ಷದಿಂದ ಎರಡೂವರೆ ಲಕ್ಷ ಜನ ಸತ್ತಿರಬಹುದು ಅಂತ ಅಂದಾಜು. ಸಣ್ಣ ಹುಡುಗರ ಕೈಗೆ ಬಂದೂಕು ಕೊಟ್ಟರು. ಕಾಡಿನ ಮರ, ವಜ್ರ ಮಾರಿ ಗುಂಡು ಕೊಂಡರು. ಅದಕ್ಕೇ ವಿಶ್ವಸಂಸ್ಥೆ ಮೊದಲು ಆ ದೇಶದ ವಜ್ರಕ್ಕೆ, ಆಮೇಲೆ ಮರಕ್ಕೂ ನಿಷೇಧ ಹಾಕಿತು.

ಯುದ್ಧ ನಿಲ್ಲಿಸಲು ಮುಂದೆ ಬಂದವರು ಯಾರು? ಹೆಣ್ಣುಮಕ್ಕಳು. 2003ರ ಏಪ್ರಿಲ್‌ನಿಂದ ಮನ್ರೋವಿಯಾದ ಮೀನು ಮಾರ್ಕೆಟ್ಟಿನ ಹತ್ತಿರದ ಬಯಲಿನಲ್ಲಿ ಬಿಳಿ ಬಟ್ಟೆ ಉಟ್ಟು ದಿನಾ ಬಂದು ಕೂತರು. ಬಿಸಿಲಿಗೂ ಕೂತರು, ಮಳೆಗೂ ಕೂತರು. ಕ್ರೈಸ್ತ ಹೆಂಗಸರು, ಮುಸ್ಲಿಂ ಹೆಂಗಸರು ಒಟ್ಟಿಗೆ. ಮುಂದಾಳು ಲೇಮಾ ಬೋವಿ ಎಂಬ ತಾಯಿ. ಘಾನಾ ದೇಶದ ಅಕ್ರಾ ನಗರದಲ್ಲಿ ಶಾಂತಿ ಮಾತುಕತೆ ನಡೆದಾಗ ಬಂದೂಕಿನ ನಾಯಕರು ಒಳ್ಳೆ ಹೋಟೆಲಿನಲ್ಲಿ ಉಳಿದು ಮಂತ್ರಿ ಪದವಿ ಹಂಚಿಕೊಳ್ಳುವ ಚರ್ಚೆಯಲ್ಲೇ ವಾರಗಟ್ಟಲೆ ಕಳೆದರು. ಊರಿನಲ್ಲಿ ಮಕ್ಕಳು ಸಾಯುತ್ತಿದ್ದರು. ಕೊನೆಗೆ ಈ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಒಪ್ಪಂದ ಆಗುವ ತನಕ ಯಾರನ್ನೂ ಹೊರಗೆ ಬಿಡೂದಿಲ್ಲ ಅಂದರು. 2003ರ ಆಗಸ್ಟ್ 11ರಂದು ಟೇಲರ್ ಅಧಿಕಾರ ಬಿಟ್ಟು ದೇಶ ಬಿಟ್ಟ. ಆಗಸ್ಟ್ 18ರಂದು ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಒಂದು ಲಕ್ಷಕ್ಕೂ ಹೆಚ್ಚು ಜನ ಹೋರಾಟಗಾರರು ಅಂತ ಹೆಸರು ಬರೆಸಿ ಯುದ್ಧದಿಂದ ಹೊರಬಂದರು.

ಬಂದೂಕು ಕೆಳಗಿಟ್ಟರೆ ಶಾಂತಿ ಬಂತು ಅಂತ ನಾವು ತಿಳೀತೀವಿ. ಆದರೆ ಒಪ್ಪಂದದ ಪ್ರಕಾರ ಎರಡು ವರ್ಷಕ್ಕೆ ಬಂದ ಹಂಗಾಮಿ ಸರ್ಕಾರದಲ್ಲಿ ಖಾತೆಗಳನ್ನೂ ಸರ್ಕಾರಿ ಕಂಪನಿಗಳನ್ನೂ ಹೊಡೆದಾಡಿದ ಗುಂಪುಗಳಿಗೇ ಪಾಲು ಮಾಡಿ ಕೊಟ್ಟಿದ್ದರು. ಬಂದೂಕು ಹಿಡಿದು ಲೂಟಿ ಮಾಡಿದವರು ಈಗ ಪೆನ್ನು ಹಿಡಿದು ಲೂಟಿ ಶುರು ಮಾಡಿದರು. ಬಂದರಿನ ಹಣ, ವಿಮಾನ ನಿಲ್ದಾಣದ ಹಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಾಸ್ತರರಿಗೆ, ನರ್ಸುಗಳಿಗೆ ತಿಂಗಳುಗಟ್ಟಲೆ ಪಗಾರ ಇಲ್ಲ. ಯುರೋಪಿನವರೂ ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟದವರೂ ಲೆಕ್ಕ ತೆಗೆಸಿದಾಗ ಒಳಗಿನ ತೂತು ಕಂಡಿತು.

ಆಗ ಬಂದದ್ದು ನಾನು ಮುಖ್ಯವಾಗಿ ಹೇಳಬೇಕಾದ ವಿಷಯ. 2005ರ ಸೆಪ್ಟೆಂಬರ್‌ನಲ್ಲಿ ಸಾಲ ಮತ್ತು ನೆರವು ಕೊಡುವ ದೇಶಗಳು ಒಂದು ಷರತ್ತು ಹಾಕಿ ಒಪ್ಪಂದ ಮಾಡಿಸಿದವು. ಅದರ ಹೆಸರು 'ಜಿಮ್ಯಾಪ್', ಅಂದ್ರ ಆಡಳಿತ ಮತ್ತು ಹಣಕಾಸು ಸರಿಪಡಿಸುವ ಯೋಜನೆ. ಅದರ ತಿರುಳು ಬಹಳ ಸರಳ. ದುಡ್ಡು ಹುಟ್ಟುವ ಜಾಗ ಯಾವವು? ಬಂದರು, ವಿಮಾನ ನಿಲ್ದಾಣ, ಪೆಟ್ರೋಲಿಯಂ ಕಂಪನಿ, ಅರಣ್ಯ ಇಲಾಖೆ, ಕೇಂದ್ರ ಬ್ಯಾಂಕು. ಇಂಥ ಕಡೆ ಒಬ್ಬೊಬ್ಬ ಹೊರಗಿನ ಲೆಕ್ಕ ತಜ್ಞನನ್ನು ಕೂರಿಸಿದರು. ದೇಶದ ಅಧಿಕಾರಿ ಒಂದು ಸಹಿ ಹಾಕಬೇಕು, ಈ ತಜ್ಞ ಎರಡನೇ ಸಹಿ ಹಾಕಬೇಕು. ಎರಡೂ ಸಹಿ ಬೀಳದೆ ಹಣ ಹೊರಗೆ ಹೋಗುವಂತಿಲ್ಲ.

'ನಮ್ಮ ದೇಶದ ಪೆಟ್ಟಿಗೆಗೆ ಪರದೇಶದವನ ಬೀಗ ಯಾಕೆ?' ಅಂತ ಅಲ್ಲಿಯ ಬಹಳ ಜನರಿಗೆ ಸಿಟ್ಟು ಬಂತು. ಆ ಸಿಟ್ಟು ಸುಳ್ಳಲ್ಲ. 1926ರಲ್ಲಿ ಫೈರ್‌ಸ್ಟೋನ್ ಎಂಬ ಅಮೆರಿಕದ ಟೈರ್ ಕಂಪನಿಗೆ ಹತ್ತು ಲಕ್ಷ ಎಕರೆ ತನಕ ಭೂಮಿಯನ್ನು 99 ವರ್ಷಕ್ಕೆ, ಎಕರೆಗೆ ಆರು ಸೆಂಟಿನ ಲೆಕ್ಕದಲ್ಲಿ ಬರೆದುಕೊಟ್ಟ ದೇಶ ಅದು. ಹೊರಗಿನವರು ಬರೀ ಉಪಕಾರಕ್ಕೆ ಬರೂದಿಲ್ಲ ಅಂತ ಅವರಿಗೆ ಗೊತ್ತು. ಆದರೂ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಹೆಂಗಸಿನ ಕಡೆಯಿಂದ ಯೋಚಿಸಿದಾಗ ನನಗೆ ಇನ್ನೊಂದು ಪ್ರಶ್ನೆ ಬಂತು. ಆಕೆಯ ತೆರಿಗೆಯನ್ನು ಆಕೆಯ ದೇಶದವನೇ ನುಂಗಿದರೆ ಅದಕ್ಕೆ ಸ್ವಾಭಿಮಾನ ಅನ್ನಬೇಕೋ?

2005ರ ಕೊನೆಗೆ ಚುನಾವಣೆ ಆಯಿತು. ಫುಟ್‌ಬಾಲ್ ಆಟದಲ್ಲಿ ಜಗತ್ತಿಗೇ ಹೆಸರಾಗಿದ್ದ ಜಾರ್ಜ್ ವೇಯಾರನ್ನು ಸೋಲಿಸಿ ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದರು. ಆಫ್ರಿಕಾದಲ್ಲಿ ಚುನಾವಣೆ ಗೆದ್ದು ಅಧ್ಯಕ್ಷೆಯಾದ ಮೊದಲ ಮಹಿಳೆ. 2006ರ ಜನವರಿ 16ರಂದು ಪ್ರಮಾಣ ಮಾಡುವಾಗಲೇ ಭ್ರಷ್ಟಾಚಾರವೇ ದೊಡ್ಡ ಶತ್ರು ಅಂತ ಹೇಳಿದರು. ಅವರ ಮೊದಲ ಆದೇಶದಲ್ಲೇ ಯುದ್ಧಕಾಲದ ಎಲ್ಲಾ ಕಾಡು ಗುತ್ತಿಗೆಗಳನ್ನು ರದ್ದು ಮಾಡಿದರು. ಪಗಾರದ ಪಟ್ಟಿಯಲ್ಲಿ ಹೆಸರು ಮಾತ್ರ ಇದ್ದು ಮನುಷ್ಯರೇ ಇಲ್ಲದ 'ನೌಕರ'ರ ಹೆಸರು ಹೊಡೆದು ಹಾಕಿಸಿದರು. ಅದೇ ಜುಲೈ 26ರಂದು, ಹದಿನೈದು ವರ್ಷ ಕತ್ತಲಲ್ಲಿದ್ದ ರಾಜಧಾನಿಯ ಕೆಲವು ಬೀದಿಗಳಲ್ಲಿ ದೀಪ ಹತ್ತಿದವು. ಆ ದಿನದ ತನಕ ಬೀದಿ ದೀಪವನ್ನೇ ಕಾಣದ ಮಕ್ಕಳು ಆ ಊರಾಗ ಇದ್ದರು!

ಇಲ್ಲಿ ನಮ್ಮ ದೇಶದ ಒಂದು ಸಂಗತಿಯೂ ಬರುತ್ತೆ. 2007ರ ಜನವರಿಯಲ್ಲಿ ಭಾರತದಿಂದ ನೂರಕ್ಕೂ ಹೆಚ್ಚು ಮಹಿಳಾ ಪೊಲೀಸರ ತುಕಡಿ ಲೈಬೀರಿಯಾಕ್ಕೆ ಹೋಯಿತು. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಪೂರ್ತಿ ಹೆಣ್ಣುಮಕ್ಕಳೇ ಇದ್ದ ಮೊದಲ ಪೊಲೀಸ್ ತುಕಡಿ ಅದು. ಅಧ್ಯಕ್ಷೆಯ ಕಚೇರಿಗೆ ಕಾವಲು, ರಾತ್ರಿ ಗಸ್ತು, ಎಲ್ಲಾ ಮಾಡಿದರು. ತಂಡಗಳು ಬದಲಾಗುತ್ತಾ 2016ರ ತನಕ ಅಲ್ಲಿದ್ದರು. ಅವರನ್ನು ನೋಡಿ ಅಲ್ಲಿಯ ಹುಡುಗಿಯರೂ ಪೊಲೀಸಿಗೆ ಸೇರಲು ಮುಂದೆ ಬಂದರು. ಪೊಲೀಸ್ ಭರ್ತಿಗೆ ಓಡೋದನ್ನ ಅಭ್ಯಾಸ ಮಾಡ್ತಿರೋ ನಮ್ಮ ಓಣಿಯ ತಂಗಿಯರು ಇದನ್ನ ನೆನಪಿಟ್ಕೋಬೇಕು.

ಎರಡನೇ ಸಹಿಯಿಂದ ಲಾಭ ಆಯಿತೋ ಇಲ್ಲೋ? ಆಯಿತು. ಬಂದರಿನ ಹಣ ಖಜಾನೆಗೆ ಬರಲು ಶುರುವಾಯಿತು. ಸುಮಾರು 8 ಕೋಟಿ ಡಾಲರ್ ಇದ್ದ ಸರ್ಕಾರದ ಬಜೆಟ್ಟು ಆರೇಳು ವರ್ಷದಲ್ಲಿ ಐದು ಪಟ್ಟಿಗೂ ಮೇಲೆ ಹೋಯಿತು. ನಾಲ್ಕೂವರೆ ಸಾವಿರ ಮಿಲಿಯನ್ ಡಾಲರಿಗೂ ಮಿಕ್ಕಿದ್ದ ಹಳೆ ವಿದೇಶಿ ಸಾಲದ ದೊಡ್ಡ ಭಾಗ 2010ರ ಹೊತ್ತಿಗೆ ಮನ್ನಾ ಆಯಿತು. ಗಣಿ, ಎಣ್ಣೆ ಅಷ್ಟೇ ಅಲ್ಲ, ಕಾಡು-ರಬ್ಬರಿನ ಕಂಪನಿಗಳೂ ಸರ್ಕಾರಕ್ಕೆ ಎಷ್ಟು ಕೊಟ್ಟೆವು ಅಂತ ಬಹಿರಂಗ ಮಾಡಬೇಕು ಅನ್ನುವ ಕಾನೂನು 2009ರಲ್ಲಿ ಬಂತು. 2011ರಲ್ಲಿ ಸರ್ಲೀಫ್ ಮತ್ತು ಲೇಮಾ ಬೋವಿ ಇಬ್ಬರಿಗೂ ನೊಬೆಲ್ ಶಾಂತಿ ಬಹುಮಾನ ಸಿಕ್ಕಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಚಪ್ಪಾಳೆ ತಗೊಂಡು ಇಳಿದು ಹೋಗ್ತಿದ್ದೆ. ಮುಗಿಯಲಿಲ್ಲ.

2008ರಲ್ಲಿ ಭ್ರಷ್ಟಾಚಾರ ತಡೆ ಆಯೋಗ ಮಾಡಿದರು. ಆದರೆ ಅದಕ್ಕೆ ಸಿಕ್ಕದ್ದು ತನಿಖೆಯ ಕೆಲಸ. ಕೇಸು ನಡೆಸಲು ಮೊದಲು ಸರ್ಕಾರದ ಕಾನೂನು ಇಲಾಖೆಯ ಬಾಗಿಲಲ್ಲಿ ಕಾಯಬೇಕು. ನಾಯಿಗೆ ಬೊಗಳಲು ಬಿಟ್ಟು ಬಾಯಿಗೆ ಬುಟ್ಟಿ ಕಟ್ಟಿದಂಗ ಆತು. ನೇರವಾಗಿ ಕೇಸು ಹಾಕುವ ಅಧಿಕಾರ ಸಿಕ್ಕದ್ದು 2022ರಲ್ಲಿ. ಲೆಕ್ಕ ತಪಾಸಣೆಯ ವರದಿಗಳು ಒಂದರ ಮೇಲೊಂದು ಬಂದವು. ದೊಡ್ಡವರು ಜೈಲಿಗೆ ಹೋದದ್ದು ಬೆರಳೆಣಿಕೆ.

ಅಧ್ಯಕ್ಷೆಯ ಮೂವರು ಗಂಡುಮಕ್ಕಳು ದೊಡ್ಡ ಜಾಗಗಳಲ್ಲಿ ಕೂತರು. ಒಬ್ಬರು ಸರ್ಕಾರಿ ಎಣ್ಣೆ ಕಂಪನಿಗೆ, ಒಬ್ಬರು ಕೇಂದ್ರ ಬ್ಯಾಂಕಿಗೆ, ಒಬ್ಬರು ಗುಪ್ತಚರ ಇಲಾಖೆಗೆ. 2012ರ ಆಗಸ್ಟ್‌ನಲ್ಲಿ ಆಸ್ತಿ ವಿವರ ಕೊಡದ 46 ಅಧಿಕಾರಿಗಳನ್ನು ಅವರು ಅಮಾನತು ಮಾಡಿದಾಗ ಆ ಪಟ್ಟಿಯಲ್ಲಿ ಸ್ವಂತ ಮಗನ ಹೆಸರೂ ಇತ್ತು ಅನ್ನೋದನ್ನೂ ಹೇಳಬೇಕು, ಇಲ್ಲಾಂದ್ರ ಅನ್ಯಾಯ ಆದೀತು. ಆದರೆ ಅದೇ ವರ್ಷ ಜೊತೆಗೆ ನೊಬೆಲ್ ಪಡೆದ ಲೇಮಾ ಬೋವಿಯೇ ಈ ಮಕ್ಕಳ ನೇಮಕವನ್ನು ಟೀಕಿಸಿ, ತಾವು ಮುಖ್ಯಸ್ಥೆಯಾಗಿದ್ದ ಸಾಮರಸ್ಯದ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಗೆಳತಿಯ ಸರ್ಕಾರ ಅಂತ ಸುಮ್ಮನಿರಲಿಲ್ಲ. ನನಗೆ ಆ ಹೆಣ್ಣುಮಗಳು ಹೆಚ್ಚು ದೊಡ್ಡವಳಾಗಿ ಕಂಡದ್ದು ಬಹುಮಾನದ ದಿನ ಅಲ್ಲ, ಈ ರಾಜೀನಾಮೆಯ ದಿನ.

ಅದೇ 2012ರಲ್ಲಿ ಕಾಡಿನ ಹಗರಣ ಹೊರಬಂತು. ಖಾಸಗಿ ಜಮೀನಿನಲ್ಲಿ ಮರ ಕಡಿಯಲು ಕೊಡುವ ಸಣ್ಣ ಪರವಾನಗಿಯ ಹೆಸರಲ್ಲಿ, ಕೆಲವು ಕಡೆ ಖೊಟ್ಟಿ ಕಾಗದ ಹಚ್ಚಿ, ದೇಶದ ಸುಮಾರು ಕಾಲು ಭಾಗ ನೆಲವನ್ನು ಮರದ ಕಂಪನಿಗಳ ಕೈಗೆ ಕೊಟ್ಟಿದ್ದರು. ಅಲ್ಲಿ ಹುಟ್ಟಿ ಬೆಳೆದ ಹಳ್ಳಿಯವರಿಗೆ ಸುದ್ದಿಯೇ ಇಲ್ಲ. ಜಿಮ್ಯಾಪ್ ಮುಗಿದು, ಎರಡನೇ ಸಹಿಯವರು ಹೋಗಿ ಇನ್ನೂ ಬಹಳ ದಿನ ಆಗಿರಲಿಲ್ಲ.

ಪೊಲೀಸ್ ಠಾಣೆ, ಶಾಲೆ, ಕಚೇರಿಗಳ ಸಣ್ಣ ಲಂಚ ನಿಲ್ಲಲೇ ಇಲ್ಲ. ಲೈಬೀರಿಯಾದಲ್ಲಿ ಲಂಚಕ್ಕೆ 'ತಣ್ಣೀರು' ಅಂತಾರಂತ. ನಮ್ಮ ಕಡೆ 'ಚಾ-ಪಾಣಿ' ಅಂದಂಗ. ನನ್ನ ಜಾತಿ ದಾಖಲೆಗೆ ಓಡಾಡಿದಾಗ ನಮ್ಮಪ್ಪ ಒಂದು ಕಚೇರಿಯಲ್ಲಿ ಚಾ-ಪಾಣಿ ಕೊಟ್ಟು ಬಂದು, ಆ ರಾತ್ರಿ ಊಟ ಮಾಡದೆ ಮಲಗಿದ್ದ. ದುಡ್ಡು ಹೋಯಿತು ಅಂತಲ್ಲ. ನನ್ನ ಹಕ್ಕಿನ ಕಾಗದಕ್ಕೆ ಕೈ ಜೋಡಿಸಿ ನಿಂತೆನಲ್ಲಾ ಅನ್ನೋ ಸಂಕಟ. ನೀರಿನ ಹೆಸರಲ್ಲಿ ಕೇಳಿದರೂ ಬಡವರ ಗಂಟಲು ಒಣಗೂದು ಅಲ್ಲೂ ಒಂದೇ, ಇಲ್ಲೂ ಒಂದೇ.

ಇದರ ಬೆಲೆ ಎಷ್ಟು ಅಂತ 2014ರಲ್ಲಿ ತಿಳಿಯಿತು. ಎಬೋಲಾ ರೋಗ ಬಂತು. ಸರ್ಕಾರ ರೋಗ ಬಂದಿದೆ ಅಂದರೆ ಬಹಳ ಜನ ನಂಬಲಿಲ್ಲ. ವಿದೇಶದ ನೆರವು ತರಿಸಿ ತಿನ್ನಲು ಇವರೇ ಕಟ್ಟಿದ ಕಥೆ ಇದು ಅಂದರು. ಎಷ್ಟು ಸಲ ಸುಳ್ಳು ಲೆಕ್ಕ ಕೇಳಿದ್ದರೋ, ಖರೇ ಮಾತು ಬಂದಾಗಲೂ ಅದು ಸುಳ್ಳೇ ಅನಿಸಿತು. ಆಗಸ್ಟ್‌ನಲ್ಲಿ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಎಂಬ ಕೊಳಚೆಗೇರಿಯನ್ನು ಸೈನಿಕರು ಸುತ್ತುಗಟ್ಟಿದರು. ಗಲಾಟೆಯಲ್ಲಿ ಗುಂಡು ತಗಲಿ ಒಬ್ಬ ಹುಡುಗ ಸತ್ತ. ಹತ್ತು ದಿನದಲ್ಲಿ ಆ ದಿಗ್ಬಂಧನ ತೆಗೆಯಬೇಕಾಯಿತು. ಆಮೇಲೆ ಕೆಲಸ ಮಾಡಿದ್ದು ಬಂದೂಕಲ್ಲ, ಓಣಿ ಓಣಿಯ ಹುಡುಗರು, ಹಿರಿಯರು. ಮನೆ ಮನೆಗೆ ಹೋಗಿ ಜ್ವರ ಯಾರಿಗಿದೆ ಅಂತ ಕೇಳಿ, ಬರೆದು, ತಿಳಿಹೇಳಿದರು. ಅವರ ಮಾತನ್ನು ಜನ ಕೇಳಿದರು, ಯಾಕಂದ್ರ ಅವರು ಗುರುತಿನ ಮುಖ. ಅಷ್ಟರಲ್ಲಿ ಲೈಬೀರಿಯಾ ಒಂದರಲ್ಲೇ 4,800 ಜನರ ಜೀವ ಹೋಗಿತ್ತು. ಸರ್ಕಾರದ ಮೇಲಿನ ನಂಬಿಕೆಯೂ ಒಂದು ಔಷಧ ಅಂತ ನನಗೆ ತಿಳಿದದ್ದು ಇದನ್ನು ಓದಿದಾಗ.

2017ರಲ್ಲಿ ಸಂಸತ್ತಿನ ಮುಂದೆ ಮಾತಾಡುತ್ತಾ ಸರ್ಲೀಫ್ ಅವರೇ ಭ್ರಷ್ಟಾಚಾರದ ವಿರುದ್ಧ ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳಲು ಆಗಲಿಲ್ಲ ಅಂತ ಒಪ್ಪಿಕೊಂಡರು. ಆಮೇಲೆ ಬಂದ ಜಾರ್ಜ್ ವೇಯಾ ಕೊಳಚೆಗೇರಿಯಲ್ಲಿ ಬೆಳೆದವರು. ಬಡವರ ಮಗ ಅಂತ ಜನ ಕುಣಿದು ಗೆಲ್ಲಿಸಿದರು. 2022ರಲ್ಲಿ ಅವರ ಮೂವರು ದೊಡ್ಡ ಅಧಿಕಾರಿಗಳ ಮೇಲೆ ಭ್ರಷ್ಟಾಚಾರದ ಕಾರಣಕ್ಕೆ ಅಮೆರಿಕ ನಿರ್ಬಂಧ ಹಾಕಿತು. ಮುಂದಿನ ಚುನಾವಣೆಯಲ್ಲಿ ಜನ ಅವರನ್ನು ಇಳಿಸಿದರು. 'ನಮ್ಮವ' ಬಂದರೆ ಸಾಕು ಅನ್ನೋ ಆಸೆ 1980ರಲ್ಲಿ ಒಮ್ಮೆ ಮುರಿದಿತ್ತು, ಈಗ ಎರಡನೇ ಸಲ ಮುರಿಯಿತು.

ಹಾಗಾದ್ರ ಲೈಬೀರಿಯಾ ಸೋತಿತೇನು? ನಾನು ಹಾಗೆ ಬರೆಯಲಿಲ್ಲ. 2018ರ ಜನವರಿಯಲ್ಲಿ ಒಬ್ಬ ಚುನಾಯಿತ ಅಧ್ಯಕ್ಷರಿಂದ ಇನ್ನೊಬ್ಬ ಚುನಾಯಿತರಿಗೆ ಅಧಿಕಾರ ಶಾಂತವಾಗಿ ಹೋಯಿತು. ಅಂಥದ್ದು 1944ರ ಮೇಲೆ ಆಗಿರಲೇ ಇಲ್ಲ. ಅದೇ ಮಾರ್ಚ್‌ನಲ್ಲಿ ಶಾಂತಿಪಡೆ ಊರಿಗೆ ಮರಳಿತು. 2023ರ ನವೆಂಬರ್‌ನಲ್ಲಿ ವೇಯಾ ಇಪ್ಪತ್ತು ಸಾವಿರ ಚಿಲ್ಲರೆ ಮತದಿಂದ ಜೋಸೆಫ್ ಬೊಕಾಯ್ ಎದುರು ಸೋತರು. ಅಧಿಕೃತ ಫಲಿತಾಂಶ ಬರುವ ಮೊದಲೇ ರಾತ್ರಿ ರೇಡಿಯೋದಲ್ಲಿ ಸೋಲು ಒಪ್ಪಿಕೊಂಡು, ಗೆದ್ದವರಿಗೆ ಫೋನು ಮಾಡಿದರು. ಹಿಂದೆ ಇಷ್ಟು ಸಣ್ಣ ಅಂತರಕ್ಕೆ ಅಲ್ಲಿ ಹೆಣ ಬೀಳುತ್ತಿದ್ದವು. ಭ್ರಷ್ಟಾಚಾರ ಹೋಗಿಲ್ಲ, ಆದರೆ ಕೆಟ್ಟ ಸರ್ಕಾರವನ್ನು ಗುಂಡಿಲ್ಲದೆ ಇಳಿಸುವ ದಾರಿ ಗಟ್ಟಿಯಾಗಿದೆ. ಸ್ಥಿರ ಸರ್ಕಾರ ಅಂದ್ರ ಒಬ್ಬರೇ ಕುರ್ಚಿಯಲ್ಲಿ ಬಹಳ ವರ್ಷ ಕೂರೋದು ಅಂತ ನಾನು ತಿಳಿದಿದ್ದೆ. ಕೂತವರು ಎದ್ದು ಹೋದರೂ ಮನೆ ಬೀಳಬಾರದು, ಅದು ಸ್ಥಿರತೆ.

ಒಂದು ದೊಡ್ಡ ಲೆಕ್ಕ ಮಾತ್ರ ಬಾಕಿ ಇದೆ. ಚಾರ್ಲ್ಸ್ ಟೇಲರಿಗೆ 2012ರಲ್ಲಿ 50 ವರ್ಷ ಶಿಕ್ಷೆ ಆಯಿತು, ಆದರೆ ಅದು ಪಕ್ಕದ ಸಿಯೆರಾ ಲಿಯೋನ್ ದೇಶದಲ್ಲಿ ನಡೆದ ಅಪರಾಧಗಳಿಗೆ. ಲೈಬೀರಿಯಾದ ನೆಲದ ಮೇಲೆ ಸತ್ತವರಿಗಾಗಿ ಲೈಬೀರಿಯಾದ ಯಾವ ಕೋರ್ಟೂ ಇಷ್ಟು ವರ್ಷ ಒಬ್ಬರನ್ನೂ ವಿಚಾರಿಸಲಿಲ್ಲ. ಡೋನನ್ನು ಹಿಂಸೆ ಮಾಡಿ ಕೊಂದ ಗುಂಪಿನ ನಾಯಕ ಪ್ರಿನ್ಸ್ ಜಾನ್ಸನ್ ಚುನಾವಣೆ ಗೆದ್ದು 2024ರಲ್ಲಿ ಸಾಯುವ ತನಕ ಸೆನೆಟರ್ ಆಗಿಯೇ ಇದ್ದ. ಯುದ್ಧದ ಅಪರಾಧ ಮತ್ತು ಆರ್ಥಿಕ ಅಪರಾಧ ಎರಡಕ್ಕೂ ವಿಶೇಷ ಕೋರ್ಟು ಸ್ಥಾಪಿಸುವ ತಯಾರಿಗಾಗಿ ಅಧ್ಯಕ್ಷ ಬೊಕಾಯ್ 2024ರ ಮೇ ತಿಂಗಳಲ್ಲಿ ಆದೇಶಕ್ಕೆ ಸಹಿ ಹಾಕಿದರು. ಕೊಂದವರನ್ನೂ ಕದ್ದವರನ್ನೂ ಒಂದೇ ಕಟಕಟೆಗೆ ತರಬೇಕು ಅಂತ ಆ ಜನ ಕೇಳುತ್ತಿರುವುದು ನನಗೆ ಸರಿ ಅನಿಸುತ್ತೆ. ಯಾಕಂದ್ರ ಅಲ್ಲಿ ಎರಡೂ ಕೆಲಸ ಮಾಡಿದವರು ಬಹಳ ಸಲ ಒಬ್ಬರೇ.

ಸ್ನೇಹಿತರೇ, ಬಾಬಾಸಾಹೇಬರು ಅಂದ ಕೂಡಲೇ ನಮಗೆ ಸಂವಿಧಾನ ನೆನಪಾಗುತ್ತೆ. ಅವರು ಕೊಲಂಬಿಯಾದಲ್ಲಿ ಕೂತು ಬರೆದದ್ದು ಯಾವುದರ ಬಗ್ಗೆ? ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಬಗ್ಗೆ, ಬ್ರಿಟಿಷ್ ಭಾರತದ ಪ್ರಾಂತ್ಯಗಳ ಹಣಕಾಸಿನ ಬಗ್ಗೆ. ಸರ್ಕಾರದ ಪೆಟ್ಟಿಗೆಗೆ ದುಡ್ಡು ಯಾರಿಂದ ಬರುತ್ತೆ, ಯಾರಿಗೆ ಹೋಗುತ್ತೆ ಅಂತ ಮೊದಲು ಓದಿದವರು ಅವರು. 1949ರಲ್ಲಿ ಸಂವಿಧಾನ ಸಭೆಯಲ್ಲಿ ಮಹಾಲೇಖಪಾಲರ ವಿಷಯ ಬಂದಾಗ, ಬಹುಶಃ ಈ ಸಂವಿಧಾನದಲ್ಲಿ ಎಲ್ಲರಿಗಿಂತ ಮಹತ್ವದ ಅಧಿಕಾರಿ ಇವರೇ ಎಂಬ ಅರ್ಥದ ಮಾತು ಹೇಳಿದರು. ಮಂತ್ರಿಯಲ್ಲ, ಲೆಕ್ಕ ತಪಾಸಣೆ ಮಾಡುವವರು! ನಮ್ಮ ದೇಶಕ್ಕೆ ಎರಡನೇ ಸಹಿಯನ್ನು ಹೊರಗಿನವರು ಬಂದು ಹೇರುವ ಮೊದಲೇ ನಮ್ಮವರೇ ಬರೆದಿಟ್ಟರು. ಅದನ್ನು ಉಪಯೋಗ ಮಾಡೂದು ನಮ್ಮ ಕೈಯಾಗ ಐತಿ.

ಲೈಬೀರಿಯಾದಿಂದ ನಾನು ಪ್ರಬಂಧದ ಕೊನೆಗೆ ಮೂರು ಮಾತು ಬರೆದೆ. ಒಂದು, ಲೆಕ್ಕ ಬರೆಯುವವನೇ ಲೆಕ್ಕ ನೋಡಬಾರದು, ಮತ್ತು ನೋಡುವವರಿಗೆ ಕ್ರಮ ಕೈಗೊಳ್ಳುವ ಬಲ ಇರಬೇಕು. ಎರಡು, ಹಳೆ ಮನೆತನವನ್ನು ಇಳಿಸಿದವರು ಹೊಸ ಮನೆತನ ಆಗಬಾರದು. ಮೂರು, ಲೆಕ್ಕ ಕಟ್ಟಕಡೆಯ ಮನುಷ್ಯನ ಕಿವಿ ತನಕ, ಅವನ ಭಾಷೆಯಲ್ಲಿ ಬರಬೇಕು. ಜಿಮ್ಯಾಪ್ ಮೊದಲನೆಯದನ್ನು ಅರ್ಧ ಮಾಡಿತು. ಮೂರನೆಯದನ್ನು ಯಾರೂ ಮಾಡಲಿಲ್ಲ. ಅದಕ್ಕೇ ಹೊರಗಿನವರು ಹೋದ ಮೇಲೆ ಎರಡನೇ ಸಹಿಯ ಜಾಗ ಖಾಲಿ ಉಳಿಯಿತು. ಆ ಜಾಗದಲ್ಲಿ ಮೀನು ಮಾರ್ಕೆಟ್ಟಿನ ಹೆಂಗಸರು ಕೂರಬೇಕಾಗಿತ್ತು.

ಈಗ ನಮ್ಮವ್ವನ ಪ್ರಶ್ನೆಗೆ ಬರ್ತೀನಿ. ಹೋದ ವರ್ಷ ಜಯಂತಿಗೆ ಓಣಿಯಲ್ಲಿ ಪಟ್ಟಿ ಎತ್ತಿದಾಗ ಅವ್ವ ಬೀಡಿ ಕಟ್ಟಿದ ದುಡ್ಡಿನಾಗ ನೂರು ರೂಪಾಯಿ ಕೊಟ್ಟಿದ್ದಳು. ಡಿಜೆ ಬಂತು, ಬ್ಯಾನರ್ ಬಂತು, ಮೆರವಣಿಗೆ ಆತು. ಲೆಕ್ಕ ಮಾತ್ರ ಬರಲಿಲ್ಲ. ಯಾರೋ ಕೇಳಿದರು, ಯಾರಿಗೋ ಸಿಟ್ಟು ಬಂತು, ಎರಡು ಗುಂಪಾಗಿ ನಾಲ್ಕು ತಿಂಗಳು ಸಂಘದ ಬಾಗಿಲು ಮುಚ್ಚಿತ್ತು. ಕದ್ದರು ಅಂತ ನಾನು ಹೇಳ್ತಿಲ್ಲ. ಯಾರೂ ಕದ್ದಿರಲಿಕ್ಕಿಲ್ಲ. ಆದರೆ ಲೆಕ್ಕ ಓದದಿದ್ದರೆ ಕಳ್ಳನೂ ಪ್ರಾಮಾಣಿಕನೂ ಒಂದೇ ಥರಾ ಕಾಣ್ತಾರ. ಆ ನಾಲ್ಕು ತಿಂಗಳು ಅಭ್ಯಾಸಿಕೆಯಲ್ಲಿ ಓದಬೇಕಾಗಿದ್ದ ಹುಡುಗರು ಕಟ್ಟೆ ಮೇಲೆ ಕೂತರು. ನಷ್ಟ ಆದದ್ದು ಅವರಿಗೆ.

ಅದಕ್ಕೇ ಈ ವರ್ಷ ಸಭೆಯಲ್ಲಿ ನಾವು ಕೆಲವರು ಕೇಳಿಕೊಂಡೆವು. ಹಣ ತೆಗೆಯಲು ಇಬ್ಬರ ಸಹಿ ಇರಲಿ, ಅದರಲ್ಲಿ ಒಂದು ಓಣಿಯ ಹೆಣ್ಣುಮಕ್ಕಳದ್ದಾಗಿರಲಿ. ಮೂರು ತಿಂಗಳಿಗೊಮ್ಮೆ ಖರ್ಚು ಓದಿ ಹೇಳಲಿ, ಓದು ಬಾರದವರಿಗೂ ತಿಳಿಯುವ ಹಾಗೆ. ಅಧ್ಯಕ್ಷರು ಮೊದಲು ಮುಖ ಸಿಂಡರಿಸಿದರು, ಈಗ ನಗಾಕತ್ತಾರ ನೋಡ್ರಿ, ಆಮೇಲೆ ಒಪ್ಪಿದರು. ಎರಡನೇ ಸಹಿಗೆ ಯಾರು ಅಂದಾಗ ಹೆಂಗಸರೆಲ್ಲ ಸೇರಿ ನಮ್ಮವ್ವನ ಹೆಸರು ಹೇಳಿದರು. ಅವ್ವನಿಗೆ ಓದು ಬರಹ ಇಲ್ಲ. ಸಹಿ ಹಾಕೂದನ್ನ ಹದಿನೈದು ದಿನ ಬೀಡಿ ಎಲೆಯ ಹಾಳೆ ಮೇಲೆ ತಿದ್ದಿ ಕಲಿತಾಳ. ಆದರೆ ಓದಿ ಹೇಳದೆ ಸಹಿ ಹಾಕೂದಿಲ್ಲ. ಮೊನ್ನೆ ಶಾಮಿಯಾನದ ಬಿಲ್ಲನ್ನ ಕಾರ್ಯದರ್ಶಿ ಅಣ್ಣನ ಕಡೆಯಿಂದ ಮೂರು ಸಲ ಓದಿಸಿದಳು.

ಈ ವರ್ಷದ ಜಮಾ-ಖರ್ಚು ಈ ಸ್ಮರಣ ಸಂಚಿಕೆಯ ಕೊನೆ ಪುಟದಲ್ಲಿ ಅಚ್ಚಾಗಿದೆ. ನನ್ನ ಭಾಷಣ ಮರೆತರೂ ನಡೀತದ, ಆ ಪುಟ ತೆಗೆದು ನೋಡ್ರಿ. ತಿಳೀದಿದ್ರ ಕೇಳ್ರಿ. ಕೇಳಿದವರ ಮೇಲೆ ಯಾರೂ ಸಿಟ್ಟಾಗಬ್ಯಾಡ್ರಿ.

ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ. ಜೈ ಭೀಮ್.